ದಿನದ ಊಟಕ್ಕೆ ಹಣ್ಣು ಮುಖ್ಯವೋ, ತರಕಾರಿ ಮುಖ್ಯವೋ? ಮಲೆನಾಡಿನ ಮನೆಯವರು ದಯವಿಟ್ಟು ಬರೆಯಿರಿ

ಹೊಸನಗರ_ಹಿತ್ತಲು

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಬಗೆಹರಿಯದ ಒಂದು ವಾದವನ್ನು ಇಲ್ಲಿ ಇಡುತ್ತಿದ್ದೇನೆ.

ಅಪ್ಪಯ್ಯನಿಗೆ 64 ವರ್ಷ. ಅಡಿಕೆ ಕೊಯ್ಲು ಮುಗಿದ ಮೇಲೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಾಗ, ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹೊಸ್ತಿಲಲ್ಲಿ ನಿಂತಿದೆ ಎಂದು ವೈದ್ಯರು ತಿಳಿಸಿದರು. ಮಾತ್ರೆ ಕೊಡಲಿಲ್ಲ. ಅನ್ನ ಕಡಿಮೆ ಮಾಡಿ ಹಣ್ಣು-ತರಕಾರಿ ಹೆಚ್ಚು ಮಾಡಿ ಎಂದು ಹೇಳಿ ಒಂದು ಅಚ್ಚಾದ ಪಟ್ಟಿಯನ್ನು ಕೈಗಿತ್ತರು. ಅದರಲ್ಲಿದ್ದ ಬ್ರೊಕೊಲಿ, ಲೆಟ್ಯೂಸ್, ಕಿವಿ ಹಣ್ಣುಗಳು ನಮ್ಮ ಸಂತೆಯಲ್ಲಿ ಸಿಗುವಂಥವಲ್ಲ. ಯಾವುದನ್ನು ಎಷ್ಟು ತಿನ್ನಬೇಕೆಂದು ಕೇಳುವಷ್ಟರಲ್ಲಿ ಮುಂದಿನ ರೋಗಿಯನ್ನು ಒಳಗೆ ಕರೆದಾಗಿತ್ತು.

ಅಂದಿನಿಂದ ನಾನು ಪೇಟೆಗೆ ಹೋದಾಗಲೆಲ್ಲ ಸೇಬು, ದಾಳಿಂಬೆ, ಕಿತ್ತಳೆ ತರುತ್ತಿದ್ದೇನೆ. ಸಂಜೆ ಒಂದು ತಟ್ಟೆ ಹಣ್ಣನ್ನು ಹೆಚ್ಚಿಕೊಟ್ಟರೆ ಅಪ್ಪಯ್ಯ ಸಂತೋಷದಿಂದ ತಿನ್ನುತ್ತಾರೆ. ಆದರೆ ಮಧ್ಯಾಹ್ನದ ಬಾಳೆಲೆ ಮಾತ್ರ ಹಿಂದಿನಂತೆಯೇ ಇದೆ: ತುಂಬ ಅನ್ನ, ಸಾರು, ತುದಿಯಲ್ಲಿ ಒಂದು ಚಮಚ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ, ಮಜ್ಜಿಗೆ. ಹಣ್ಣೆಂದರೆ ಸಿಹಿಯೇ ಅಲ್ಲವೇ, ಹಿತ್ತಲಿನ ಸೊಪ್ಪು-ತರಕಾರಿಯೇ ಬೇಕಾದದ್ದು ಎಂಬುದು ಅಮ್ಮನ ವಾದ. ಬೆಂಗಳೂರಿನಲ್ಲಿರುವ ತಂಗಿ ಬೆಳಿಗ್ಗೆ ಹಣ್ಣಿನ ರಸ ಕೊಡಿ ಎನ್ನುತ್ತಾಳೆ. ಮೂವರಲ್ಲಿ ಯಾರ ಮಾತು ಸರಿ?

ಸಾಗರ_ಪೇಟೆ

ನಿಮ್ಮ ತಾಯಿಯವರ ಮಾತು ಸರಿ, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಪೋಷಣೆ_ಪಾಠ

ನಾನು ಗೃಹವಿಜ್ಞಾನವನ್ನು ಬಹಳ ವರ್ಷ ಪಾಠ ಮಾಡಿದವಳು. ಹಣ್ಣೋ ತರಕಾರಿಯೋ ಎಂಬ ಪ್ರಶ್ನೆಗೆ ಲೆಕ್ಕದಲ್ಲಿ ಉತ್ತರವಿದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಆಹಾರ ಮಾರ್ಗಸೂಚಿಯಂತೆ, ದಿನಕ್ಕೆ 2,000 ಕ್ಯಾಲೊರಿಯ ಊಟ ಮಾಡುವ ವಯಸ್ಕರಿಗೆ ಸೊಪ್ಪೂ ಸೇರಿ ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ ಇರಬೇಕು. ನಾಲ್ಕು ಪಾಲು ತರಕಾರಿಗೆ ಒಂದು ಪಾಲು ಹಣ್ಣು ಎಂದಾಯಿತು. ವಿಶ್ವ ಆರೋಗ್ಯ ಸಂಸ್ಥೆ ಎರಡೂ ಸೇರಿ ಕನಿಷ್ಠ 400 ಗ್ರಾಂ ಇರಲಿ ಎನ್ನುತ್ತದೆ, ಆದರೆ ಆಲೂಗೆಡ್ಡೆಯಂಥ ಪಿಷ್ಟದ ಗೆಡ್ಡೆಗಳನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ.

ನಿಮ್ಮ ಮನೆಯಲ್ಲಿ ಈ ಅನುಪಾತ ತಲೆಕೆಳಗಾಗಿದೆ. ಒಂದು ತಟ್ಟೆ ಹೆಚ್ಚಿದ ಹಣ್ಣು ಸುಲಭವಾಗಿ 300 ಗ್ರಾಂ ದಾಟುತ್ತದೆ. ಒಂದು ಚಮಚ ಪಲ್ಯ 50 ಗ್ರಾಂ ಕೂಡ ತೂಗುವುದಿಲ್ಲ. ನಿಮ್ಮ ಮನೆಯೊಂದರ ಮಾತಲ್ಲ ಇದು. ಮಲೆನಾಡಿನಲ್ಲಿ ನಾವು ಪಲ್ಯವನ್ನು ನೆಂಚಿಕೊಳ್ಳುತ್ತೇವೆಯೇ ಹೊರತು ಉಣ್ಣುವುದಿಲ್ಲ. ಉಣ್ಣುವುದು ಅನ್ನವನ್ನು. ಪಲ್ಯ ನೆಂಚಿಕೊಳ್ಳುವ ಪದಾರ್ಥವಾಗಿಯೇ ಉಳಿಯುವವರೆಗೆ ಎಷ್ಟು ಕಿತ್ತಳೆ ತಂದರೂ ಆ ಕೊರತೆ ತುಂಬುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತುಂಗಾತೀರ

ಮೇಡಂ ಅವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಒಂದು ಆಕ್ಷೇಪವಿದೆ. ಹಣ್ಣನ್ನು ಹಸಿಯಾಗಿ ತಿನ್ನುತ್ತೇವೆ, ಹಾಗಾಗಿ ಅದರ ಜೀವಸತ್ವಗಳು ಪೂರ್ತಿಯಾಗಿ ದೇಹಕ್ಕೆ ಸೇರುತ್ತವೆ. ತರಕಾರಿಯನ್ನಾದರೆ ಹೆಚ್ಚಿ, ತೊಳೆದು, ಬೇಯಿಸಿ, ಬೆಂದ ನೀರನ್ನು ಬಸಿದು, ಮತ್ತೆ ಒಗ್ಗರಣೆ ಹಾಕುತ್ತೇವೆ. ಅಷ್ಟೆಲ್ಲ ಆದ ಮೇಲೆ ಅದರಲ್ಲಿ ಏನು ಉಳಿದಿರುತ್ತದೆ? ತೀರ್ಥಹಳ್ಳಿಯ ನಮ್ಮ ಮನೆಯ ಅಂಗಳದಲ್ಲಿ ಪೇರಳೆ ಮರವಿದೆ, ನಾವು ಮಕ್ಕಳಾಗಿದ್ದಾಗ ದಿನಕ್ಕೆ ಎರಡು ಮೂರು ತಿನ್ನುತ್ತಿದ್ದೆವು, ಒಬ್ಬರಿಗೂ ಹಲ್ಲಿನ ವಸಡಿನ ತೊಂದರೆ ಬರಲಿಲ್ಲ.

ಪೋಷಣೆ_ಪಾಠ

@ತುಂಗಾತೀರ, ಪೇರಳೆಯ ವಿಷಯದಲ್ಲಿ ನಿಮ್ಮ ಮಾತು ಅಕ್ಷರಶಃ ನಿಜ. 100 ಗ್ರಾಂ ಪೇರಳೆಯಲ್ಲಿ 200 ಮಿಲಿಗ್ರಾಂಗೂ ಮೀರಿ ಸಿ ಜೀವಸತ್ವವಿದೆ. ಕಿತ್ತಳೆಯಲ್ಲಿ ಇರುವುದು ಸುಮಾರು 50, ದುಬಾರಿ ಸೇಬಿನಲ್ಲಿ ಸುಮಾರು 5 ಮಾತ್ರ. ಹೊಸನಗರದವರು ಶಿವಮೊಗ್ಗದಿಂದ ಸೇಬು ಹೊತ್ತು ತರುವ ಬದಲು ಅಕ್ಕಪಕ್ಕದ ಅಂಗಳದ ಪೇರಳೆಯನ್ನು ಕೇಳಿ ತರಬಹುದು.

ಆದರೆ ಬೇಯಿಸಿದರೆ ಎಲ್ಲವೂ ಹೋಗುತ್ತದೆ ಎಂಬುದು ತಪ್ಪು. ಬೇಗ ನಷ್ಟವಾಗುವುದು ಸಿ ಜೀವಸತ್ವ ಮತ್ತು ಫೋಲೇಟ್ ಎಂಬ ಬಿ ಗುಂಪಿನ ಜೀವಸತ್ವ. ನಾರು, ಕಬ್ಬಿಣ, ಸುಣ್ಣದ ಅಂಶಗಳು ಬೆಂಕಿಗೆ ನಾಶವಾಗುವುದಿಲ್ಲ. ಹರಿವೆ, ನುಗ್ಗೆಸೊಪ್ಪು, ಸಿಹಿಗುಂಬಳಗಳಲ್ಲಿರುವ, ದೇಹದಲ್ಲಿ ಎ ಜೀವಸತ್ವವಾಗುವ ಬೀಟಾ ಕೆರೋಟಿನ್ ಹದವಾಗಿ ಬೆಂದು, ಸ್ವಲ್ಪ ಎಣ್ಣೆಯ ಜೊತೆ ಸೇರಿದಾಗಲೇ ಹೆಚ್ಚು ದಕ್ಕುತ್ತದೆ. ಆದ್ದರಿಂದ ಒಗ್ಗರಣೆ ವ್ಯರ್ಥವಲ್ಲ. ಹೆಚ್ಚಿದ ಮೇಲೆ ತೊಳೆಯದೆ, ತೊಳೆದ ಮೇಲೆ ಹೆಚ್ಚಬೇಕು. ಬಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಬೇಕು. ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಸೊಪ್ಪಿನ ಕಬ್ಬಿಣವನ್ನು ದೇಹ ಇನ್ನಷ್ಟು ಚೆನ್ನಾಗಿ ಹೀರಿಕೊಳ್ಳುತ್ತದೆ.

ಸೊರಬ_ಅನಾನಸು

ನಾನು ಅನಾನಸು ಬೆಳೆಯುವವನು, ಹಣ್ಣಿನ ಪರವಾಗಿ ಮಾತನಾಡಲೇಬೇಕು. ಸಕ್ಕರೆ ಕಾಯಿಲೆ ಎಂದ ಕೂಡಲೇ ಜನ ಹಣ್ಣನ್ನು ಪೂರ್ತಿ ಬಿಡುತ್ತಾರೆ, ಆದರೆ ಮದುವೆ ಮನೆಯಲ್ಲಿ ಹೋಳಿಗೆಯನ್ನು ಬಿಡುವುದಿಲ್ಲ. ಇದು ನನಗೆ ಬಹಳ ನೋವು ತರುವ ವಿಷಯ. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ, ಅಮೆರಿಕದ ಸುಮಾರು 1.87 ಲಕ್ಷ ಜನರನ್ನು ಗಮನಿಸಿದ ಅಧ್ಯಯನದಲ್ಲಿ, ದ್ರಾಕ್ಷಿ, ಸೇಬು, ಬ್ಲೂಬೆರಿಯಂಥ ಹಣ್ಣುಗಳನ್ನು ಇಡಿಯಾಗಿ ಹೆಚ್ಚು ತಿನ್ನುತ್ತಿದ್ದವರಲ್ಲಿ ಸಕ್ಕರೆ ಕಾಯಿಲೆ ಕಡಿಮೆ ಕಂಡುಬಂದಿತ್ತು. ಹಣ್ಣಿನ ಸಿಹಿಯನ್ನು ಬೆಲ್ಲದ ಸಿಹಿಯಂತೆ ಕಾಣುವುದು ನ್ಯಾಯವಲ್ಲ. ಅಪ್ಪಯ್ಯನವರ ಸಂಜೆಯ ಹಣ್ಣನ್ನು ದಯವಿಟ್ಟು ಕಸಿದುಕೊಳ್ಳಬೇಡಿ.

ಭದ್ರಾವತಿ_ದಾದಿ

ಅದೇ ಅಧ್ಯಯನದ ಇನ್ನರ್ಧವನ್ನೂ ಹೇಳಬೇಕು ಸರ್. ಹಣ್ಣಿನ ರಸ ಹೆಚ್ಚು ಕುಡಿದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿಗೆ ಕಂಡಿತ್ತು. ಹೊಸನಗರದವರ ತಂಗಿಗೆ ಇದನ್ನು ತಿಳಿಸಿರಿ. ಒಂದು ಲೋಟ ರಸಕ್ಕೆ ಮೂರು ನಾಲ್ಕು ಕಿತ್ತಳೆ ಬೇಕು. ನಾರು ಸೋಸಣಿಗೆಯಲ್ಲಿಯೇ ಉಳಿಯುತ್ತದೆ, ಸಿಹಿ ಮಾತ್ರ ಎರಡು ಗುಟುಕಿಗೆ ಹೊಟ್ಟೆ ಸೇರುತ್ತದೆ. ಅದೇ ನಾಲ್ಕು ಕಿತ್ತಳೆಯನ್ನು ತೊಳೆ ಬಿಡಿಸಿ ಒಂದೇ ಸಲಕ್ಕೆ ತಿನ್ನಲು ಯಾರಿಂದಲೂ ಆಗುವುದಿಲ್ಲ.

ಮೇಷ್ಟ್ರು_ಶಿಕಾರಿಪುರ

ಹಣ್ಣು ಮತ್ತು ತರಕಾರಿ ಎಂಬ ವಿಭಾಗವೇ ಅಡುಗೆಮನೆಯದು, ಸಸ್ಯಶಾಸ್ತ್ರದ್ದಲ್ಲ ಎಂಬುದನ್ನು ನೆನಪಿಸುತ್ತೇನೆ. ಬದನೆ, ಸೌತೆ, ಬೆಂಡೆ, ಟೊಮೆಟೊ ಎಲ್ಲವೂ ಶಾಸ್ತ್ರದ ಪ್ರಕಾರ ಹಣ್ಣುಗಳೇ. ಟೊಮೆಟೊದ ಸುಂಕದ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿಗೇ ಹೋಗಿ, ಜನ ಅದನ್ನು ಊಟದ ಜೊತೆ ತಿನ್ನುವುದರಿಂದ ಅದು ತರಕಾರಿ ಎಂದು 1893ರಲ್ಲಿ ತೀರ್ಪಾಗಿತ್ತು. ನಮ್ಮ ಹಲಸನ್ನೇ ನೋಡಿ, ಎಳೆಯ ಗುಜ್ಜೆಯಾಗಿದ್ದಾಗ ಪಲ್ಯ, ಬಲಿತಾಗ ಹುಳಿ ಮತ್ತು ಹಪ್ಪಳ, ಹಣ್ಣಾದಾಗ ಕಡುಬು.

ಸಾಗರ_ಪೇಟೆ

ಮೇಷ್ಟ್ರೇ, ಶಾಸ್ತ್ರ ಸರಿಯಿರಬಹುದು, ಆದರೆ ಅಪ್ಪಯ್ಯನವರ ಬಾಳೆಲೆಗೆ ಏನು ಬಡಿಸಬೇಕೆಂಬುದು ಅದರಿಂದ ತೀರ್ಮಾನವಾಗುವುದಿಲ್ಲ.

ಪೋಷಣೆ_ಪಾಠ

ಹಲಸಿನ ಉದಾಹರಣೆಯಿಂದ ತೀರ್ಮಾನವಾಗುತ್ತದೆ ಎಂದೇ ನನಗೆ ತೋರುತ್ತದೆ. ಗುಜ್ಜೆಯಲ್ಲಿ ನಾರು ಹೆಚ್ಚು, ಸಿಹಿ ಇಲ್ಲವೆನ್ನುವಷ್ಟು ಕಡಿಮೆ. ಹಣ್ಣಾದ ಮೇಲೆ ಅದೇ ಹಲಸಿನ 100 ಗ್ರಾಂ ತೊಳೆಯಲ್ಲಿ ಸುಮಾರು 23 ಗ್ರಾಂ ಪಿಷ್ಟ-ಸಕ್ಕರೆ ಇರುತ್ತದೆ, ಬಾಳೆಹಣ್ಣಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಸೌತೆಕಾಯಿಯಲ್ಲಾದರೆ 95 ಭಾಗ ನೀರು. ಹೊಟ್ಟೆ ತುಂಬ ತಿನ್ನಬಹುದಾದದ್ದು ಯಾವುದು, ಎಣಿಸಿ ತಿನ್ನಬೇಕಾದದ್ದು ಯಾವುದು ಎಂಬ ವ್ಯತ್ಯಾಸ ಇಲ್ಲಿಯೇ ಇದೆ. 'ಹಸಿದು ಹಲಸು, ಉಂಡು ಮಾವು' ಎಂಬ ಗಾದೆಯನ್ನು ತೋಟದಲ್ಲಿ ಮೈಮುರಿದು ದುಡಿಯುತ್ತಿದ್ದ ಜನ ಹೇಳಿದ್ದು. ಇಂದು ಉಂಡು ಕುರ್ಚಿಯಲ್ಲಿ ಕೂರುವವರು ಮಾವಿನ ಒಂದೇ ಹೋಳು ತಿಂದು ನಿಲ್ಲಿಸುವುದು ಒಳ್ಳೆಯದು.

ಆಗುಂಬೆ_ಮಳೆ

ನಿಮ್ಮೆಲ್ಲರ ಮಾತನ್ನು ಓದುತ್ತಿದ್ದೇನೆ. 400 ಗ್ರಾಂ ತರಕಾರಿ ಎಂದು ಬರೆಯುವುದು ಸುಲಭ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿತ್ತಲಿನಲ್ಲಿ ಬದನೆ, ಬೀನ್ಸ್ ಒಂದೂ ನಿಲ್ಲುವುದಿಲ್ಲ. ಪೇಟೆಯಿಂದ ಬರುವ ಕೋಸು, ಕ್ಯಾರೆಟ್ ಮೂರನೆಯ ದಿನಕ್ಕೆ ಕೊಳೆಯುತ್ತದೆ.

ಹಿಂದಿನವರು ಇದಕ್ಕೆ ದಾರಿ ಮಾಡಿಕೊಂಡಿದ್ದರು. ನಮ್ಮ ಅಜ್ಜಿ ಬೇಸಿಗೆಯಲ್ಲಿ ಬೆಳೆದ ಮೊಗೆಕಾಯಿಗಳನ್ನು, ಪೇಟೆಯವರು ಮಂಗಳೂರು ಸೌತೆ ಎನ್ನುತ್ತಾರಲ್ಲ ಅದನ್ನು, ಒಂದೊಂದಕ್ಕೂ ಬಾಳೆನಾರಿನ ಕುಣಿಕೆ ಹಾಕಿ ಅಡುಗೆಮನೆಯ ಅಟ್ಟದ ಜಂತಿಗೆ ನೇತುಹಾಕುತ್ತಿದ್ದರು. ಒಲೆಯ ಹೊಗೆ ತಾಗುತ್ತಿದ್ದುದರಿಂದ ಅವು ಗಣೇಶನ ಹಬ್ಬದವರೆಗೂ ಕೆಡುತ್ತಿರಲಿಲ್ಲ. ಒಂದಕ್ಕೊಂದು ತಾಗಬಾರದು, ತಾಗಿದ ಜಾಗದಿಂದಲೇ ಕೊಳೆ ಶುರುವಾಗುತ್ತದೆ ಎಂದು ಏಣಿ ಹತ್ತಿ ದಿನವೂ ಕೈಯಾಡಿಸಿ ನೋಡುತ್ತಿದ್ದರು. ಮಳೆ ಹಿಡಿದ ಮೇಲೆ ಮರದ ಕಾಂಡದಲ್ಲಿ ಚಿಗುರುವ ಮರಕೆಸುವಿನ ಪತ್ರೊಡೆ, ಮೂರು ದಿನ ನೀರು ಬದಲಿಸುತ್ತ ನೆನೆಸಿಟ್ಟ ಕಳಲೆಯ ಪಲ್ಯ, ಬಾಳೆದಿಂಡು, ಒಂದೆಲಗದ ತಂಬುಳಿ, ಹಲಸಿನ ಬೀಜದ ಹುಳಿ, ಸುವರ್ಣಗೆಡ್ಡೆ. ಮಳೆಗಾಲದ ಮಲೆನಾಡಿನಲ್ಲಿ ತರಕಾರಿ ಇಲ್ಲ ಎನ್ನುವವರಿಗೆ ಇವನ್ನು ಮಾಡಲು ವ್ಯವಧಾನ ಇಲ್ಲ, ಅಷ್ಟೇ.

ಭದ್ರಾವತಿ_ದಾದಿ

ಬಹಳ ಒಳ್ಳೆಯ ಮಾತು, ಆದರೆ ಕೊನೆಯ ಎರಡನ್ನು ಬೇರೆ ಇಡಬೇಕು. ಹಲಸಿನ ಬೀಜ ಮತ್ತು ಸುವರ್ಣಗೆಡ್ಡೆ ಪಿಷ್ಟದ ಪದಾರ್ಥಗಳು. ಸಕ್ಕರೆಯ ಹೊಸ್ತಿಲಲ್ಲಿರುವವರು ಅವನ್ನು ತಿಂದ ದಿನ ಅಷ್ಟರ ಮಟ್ಟಿಗೆ ಅನ್ನವನ್ನು ಇಳಿಸಬೇಕು.

ಆಗುಂಬೆ_ಮಳೆ

ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸುವರ್ಣಗೆಡ್ಡೆಯಲ್ಲಿ ನಾರೂ ಇದೆ, ಅದನ್ನು ಹುಳಿ ಹಾಕಿ ಹದವಾಗಿ ಮಾಡುತ್ತೇವೆ, ಬಾಣಲೆಯಲ್ಲಿ ಕರಿದು ತಿನ್ನುವುದಿಲ್ಲ. ನಮ್ಮ ಅಜ್ಜ 88 ವರ್ಷದವರೆಗೆ ಇದನ್ನೇ ಉಂಡವರು.

ಭದ್ರಾವತಿ_ದಾದಿ

ಅಜ್ಜನವರು ದಿನಕ್ಕೆ ಎಷ್ಟು ಸಲ ತೋಟಕ್ಕೆ ಇಳಿದು ಹತ್ತುತ್ತಿದ್ದರು ಎಂಬುದನ್ನೂ ಸೇರಿಸಿ ನೋಡಬೇಕಲ್ಲವೇ? ಗೆಡ್ಡೆಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ, ಅದನ್ನು ಅನ್ನದ ಪಾಲಿಗೆ ಸೇರಿಸಿ ಎನ್ನುತ್ತಿದ್ದೇನೆ. 2021ರಲ್ಲಿ ಸರ್ಕ್ಯುಲೇಷನ್ ಎಂಬ ಹೃದ್ರೋಗದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ ಅಮೆರಿಕದ 1 ಲಕ್ಷಕ್ಕೂ ಹೆಚ್ಚು ಜನರನ್ನು ಸುಮಾರು 30 ವರ್ಷ ಗಮನಿಸಿದ್ದರು. ದಿನಕ್ಕೆ ಎರಡು ಪಾಲು ಹಣ್ಣು, ಮೂರು ಪಾಲು ತರಕಾರಿ ತಿನ್ನುತ್ತಿದ್ದವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. ಆದರೆ ಆಲೂಗೆಡ್ಡೆ, ಬಟಾಣಿ, ಮೆಕ್ಕೆಜೋಳದಂಥ ಪಿಷ್ಟದ ತರಕಾರಿಗಳಿಂದ ಮತ್ತು ಹಣ್ಣಿನ ರಸದಿಂದ ಆ ಲಾಭ ಕಾಣಲಿಲ್ಲ.

ಸೊರಬ_ಅನಾನಸು

ಎರಡು ಪಾಲು ಹಣ್ಣು ಎಂದು ನೀವೇ ಬರೆದಿರಿ! ಹೈದರಾಬಾದಿನ ಲೆಕ್ಕದಲ್ಲಿ ಒಂದೇ ಪಾಲು ಇತ್ತು.

ಪೋಷಣೆ_ಪಾಠ

ಎರಡರ ಅಳತೆಯೇ ಬೇರೆ. ಅಲ್ಲಿ ಎಣಿಸಿದ್ದು ಪಾಲುಗಳನ್ನು, ಇಲ್ಲಿ ಹೇಳಿರುವುದು ತೂಕವನ್ನು. ಅವರ ಊಟದಲ್ಲಿ ನಮ್ಮಷ್ಟು ಅನ್ನವಿಲ್ಲ ಎಂಬುದೂ ಗಮನದಲ್ಲಿರಲಿ. ಎರಡು ಪಾಲು ಹಣ್ಣು ತಿನ್ನುವ ಮನಸ್ಸಿದ್ದರೆ ಖಂಡಿತ ತಿನ್ನಬಹುದು, ಅನ್ನದ ಒಂದು ಸಟ್ಟುಗವನ್ನು ಕೆಳಗಿಳಿಸಿ ತಿನ್ನಬೇಕು. ಎರಡೂ ಲೆಕ್ಕಗಳಲ್ಲಿ ತರಕಾರಿಯ ಪಾಲೇ ದೊಡ್ಡದು.

ವಿನೋಬನಗರ_ಬಾಡಿಗೆಮನೆ

ಶಿವಮೊಗ್ಗದಲ್ಲಿ ಓದುತ್ತ ಕೊಠಡಿ ಮಾಡಿಕೊಂಡಿರುವ ನಮ್ಮಂಥವರಿಗೆ ಹಣ್ಣೇ ಗತಿ. ಬಾಳೆಹಣ್ಣನ್ನು ಸುಲಿದು ತಿಂದರೆ ಮುಗಿಯಿತು. ಹರಿವೆ ಸೊಪ್ಪನ್ನು ಬಿಡಿಸಿ, ಮಣ್ಣು ಹೋಗುವವರೆಗೆ ತೊಳೆದು ಪಲ್ಯ ಮಾಡುವಷ್ಟರಲ್ಲಿ ತರಗತಿಯ ಹೊತ್ತಾಗಿರುತ್ತದೆ. ಹಣ್ಣು ಗೆಲ್ಲುವುದು ಅದರ ಗುಣದಿಂದಲ್ಲ, ಅದಕ್ಕೆ ಬೇಕಾಗುವ ಶ್ರಮ ಕಡಿಮೆ ಎಂಬುದರಿಂದ.

ತುಂಗಾತೀರ

ಪೇಟೆಯ ಹಣ್ಣಿನ ಬಗ್ಗೆ ಒಂದು ಎಚ್ಚರಿಕೆ ಇರಲಿ. ಮಾವು, ಬಾಳೆಗಳನ್ನು ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಎಥಿಲೀನ್ ಅನಿಲವನ್ನು ಮಾತ್ರ 100 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 100 ಭಾಗದ ಮಿತಿಯಲ್ಲಿ ಬಳಸಬಹುದು. ಹೊರಗೆ ಹಳದಿಯಾಗಿ ಒಳಗೆ ಗಟ್ಟಿಯಾಗಿದ್ದ ಮಾವನ್ನು ಕಳೆದ ವರ್ಷ ನಾನೇ ಬುಟ್ಟಿಗಟ್ಟಲೆ ತಂದು, ಹೆಚ್ಚಿ, ಬಚ್ಚಲ ಹಿಂದೆ ಸುರಿದಿದ್ದೇನೆ. ಮನೆಯ ಗೊನೆಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡುವವರಿಗೆ ಈ ಭಯವಿಲ್ಲ.

ರಿಪ್ಪನ್‌ಪೇಟೆ_ತೋಟ

ಎಲ್ಲರೂ ಹಿತ್ತಲು ಹಿತ್ತಲು ಎನ್ನುತ್ತಿದ್ದೀರಿ. ಹಿತ್ತಲಿನಲ್ಲಿ ಈಗ ಮಂಗಗಳಿವೆ ಎಂಬುದನ್ನು ಒಬ್ಬರೂ ಬರೆಯಲಿಲ್ಲ. ನಾವು ಎಂಟು ವರ್ಷಗಳ ಹಿಂದೆ ಬೆಂಡೆ, ಬದನೆ, ಹೀರೆ, ಅಲಸಂದೆ ಎಲ್ಲವನ್ನೂ ಬೆಳೆಯುತ್ತಿದ್ದೆವು. ಮಂಗಗಳ ಹಿಂಡು ಒಂದು ಬೆಳಿಗ್ಗೆ ಬಂದು ಹೋದರೆ ಚಪ್ಪರದಲ್ಲಿ ಮಿಡಿ ಕೂಡ ಉಳಿಯುವುದಿಲ್ಲ. ತಿಂದದ್ದಕ್ಕಿಂತ ಕಿತ್ತು ಎಸೆದದ್ದೇ ಹೆಚ್ಚು. ಜನ ಬೇಸತ್ತು ಆ ಜಾಗಕ್ಕೂ ಅಡಿಕೆ ಸಸಿ ಇಟ್ಟರು. ಮಲೆನಾಡಿನ ಬಾಳೆಲೆಯಲ್ಲಿ ಪಲ್ಯ ಕುಗ್ಗಿದ್ದಕ್ಕೆ ಇದು ದೊಡ್ಡ ಕಾರಣ, ಹೆಂಗಸರ ಸೋಮಾರಿತನ ಎಂದು ಯಾರೂ ಭಾವಿಸಬಾರದು.

ನಮ್ಮ ಅನುಭವದಲ್ಲಿ ಮಂಗ ಅಷ್ಟಾಗಿ ಮುಟ್ಟದೆ ಬಿಟ್ಟದ್ದು ಕೆಸು, ಒಂದೆಲಗ, ಚಕ್ರಮುನಿ. ಈಗ ಚಕ್ರಮುನಿಯನ್ನೇ ಬೇಲಿಯ ಉದ್ದಕ್ಕೂ ಹಾಕಿದ್ದೇವೆ, ವಾರಕ್ಕೆ ಎರಡು ಸಲ ಕೊಯ್ದರೂ ಮತ್ತೆ ಚಿಗುರುತ್ತದೆ.

ಆಗುಂಬೆ_ಮಳೆ

ಮಂಗದ ವಿಷಯದಲ್ಲಿ ನಿಮ್ಮ ಒಂದೊಂದು ಅಕ್ಷರವೂ ಸತ್ಯ. ನಾನು ವ್ಯವಧಾನವಿಲ್ಲ ಎಂದು ಬರೆದದ್ದನ್ನು ಹಿಂದೆ ತೆಗೆದುಕೊಳ್ಳುತ್ತೇನೆ.

ಭದ್ರಾವತಿ_ದಾದಿ

ಚಕ್ರಮುನಿ ಒಳ್ಳೆಯ ಸೊಪ್ಪು, ಆದರೆ ಬೇಯಿಸಿಯೇ ತಿನ್ನಿರಿ. 1990ರ ದಶಕದ ಮಧ್ಯದಲ್ಲಿ ತೈವಾನಿನಲ್ಲಿ ತೂಕ ಇಳಿಸಿಕೊಳ್ಳಲೆಂದು ಇದರ ಹಸಿ ರಸವನ್ನು ದಿನವೂ ಕುಡಿದ ಅನೇಕರಿಗೆ ಶ್ವಾಸಕೋಶಕ್ಕೆ ಮತ್ತೆ ಸರಿಹೋಗದಂಥ ಹಾನಿಯಾಗಿತ್ತು. ಪಲ್ಯ, ತಂಬುಳಿಗಳಿಗೆ ನಾವು ಬಳಸುವ ಪ್ರಮಾಣಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಆದರೂ ಹಸಿರು ರಸದ ಹವ್ಯಾಸ ಈಗ ನಮ್ಮೂರುಗಳಿಗೂ ಬಂದಿರುವುದರಿಂದ ಹೇಳಬೇಕಾಯಿತು.

ಇನ್ನೂ ಎರಡು ಮಾತು. ಮೂತ್ರಪಿಂಡದ ತೊಂದರೆ ಇರುವವರು ಇಲ್ಲಿಯ ಸಲಹೆಗಳನ್ನು ನೋಡಿ ಹಣ್ಣು-ಸೊಪ್ಪು ಹೆಚ್ಚಿಸಬಾರದು, ಪೊಟ್ಯಾಸಿಯಂ ಏರಿ ಹೃದಯಕ್ಕೆ ಅಪಾಯವಾಗಬಹುದು. ಧಾರೆಹುಳಿಯನ್ನು, ಐದು ಏಣಿನ ಆ ಹಣ್ಣನ್ನು, ಅಂಥವರು ಬಾಯಿಗೇ ಹಾಕಬಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸುವುದಾಗಲಿ ಇಳಿಸುವುದಾಗಲಿ ಮಾಡದೆ, ವೈದ್ಯರಿಗೆ ತಿಳಿಸಿ ಒಂದೇ ಸಮನಾಗಿ ಇಟ್ಟುಕೊಳ್ಳಬೇಕು.

ಹೊಸನಗರ_ಹಿತ್ತಲು

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಪಲ್ಯವನ್ನು ನೆಂಚಿಕೊಳ್ಳುತ್ತೇವೆ, ಉಣ್ಣುವುದಿಲ್ಲ ಎಂಬ ಮೇಡಂ ಅವರ ಮಾತನ್ನು ಓದಿದ ಮರುದಿನವೇ ಏಲಕ್ಕಿ ತೂಗುವ ತಕ್ಕಡಿಯನ್ನು ಅಡುಗೆಮನೆಗೆ ತಂದೆ. ಅಪ್ಪಯ್ಯನ ಮಧ್ಯಾಹ್ನದ ಊಟದಲ್ಲಿ ಅನ್ನ 420 ಗ್ರಾಂ, ಪಲ್ಯ 45 ಗ್ರಾಂ, ಹುಳಿಯಿಂದ ಸೌಟಿನಲ್ಲಿ ಬಂದ ಹೋಳುಗಳು 50 ಗ್ರಾಂ. ಸಂಜೆ ನಾನು ಹೆಚ್ಚಿಕೊಡುತ್ತಿದ್ದ ಹಣ್ಣು 380 ಗ್ರಾಂ ಇತ್ತು. ತಕ್ಕಡಿಯ ಮುಳ್ಳನ್ನು ನೋಡಿದ ಅಮ್ಮ ಒಂದು ಮಾತನ್ನೂ ಆಡಲಿಲ್ಲ, ಮರುದಿನ ಪಲ್ಯದ ಪಾತ್ರೆಯನ್ನು ಬದಲಿಸಿ ದೊಡ್ಡದನ್ನು ಒಲೆಯ ಮೇಲಿಟ್ಟರು.

ಹನ್ನೆರಡು ದಿನಗಳಿಂದ ಕ್ರಮ ಹೀಗಿದೆ. ಬಾಳೆಲೆಗೆ ಮೊದಲು ಪಲ್ಯ ಮತ್ತು ಕೋಸಂಬರಿ ಬರುತ್ತವೆ, ಅವು ಅರ್ಧ ಮುಗಿದ ಮೇಲೆ ಅನ್ನ. ಎರಡು ಹೊತ್ತಿಗೂ ಸೇರಿ ತರಕಾರಿ 350 ಗ್ರಾಂಗೆ ಬಂದಿದೆ, ಅನ್ನ ಹೊತ್ತಿಗೆ 250 ಗ್ರಾಂಗೆ ಇಳಿದಿದೆ. ಮೊದಲ ನಾಲ್ಕು ದಿನ ಅಪ್ಪಯ್ಯ ಹೊಟ್ಟೆ ತುಂಬಲಿಲ್ಲ ಎಂದು ಎದ್ದದ್ದು ನನಗೆ ಸಂಕಟವಾಯಿತು. ಬಾಳೆದಿಂಡಿನ ಪಲ್ಯ ಮಾಡಿದ ದಿನ ತಾವೇ ಕೇಳಿ ಎರಡನೆಯ ಸಲ ಹಾಕಿಸಿಕೊಂಡರು. ಸಂಜೆ ಒಂದು ಪೇರಳೆ, ಇಲ್ಲವೇ ಪಪ್ಪಾಯಿಯ ಒಂದು ಹೋಳು ಕೊಡುತ್ತಿದ್ದೇವೆ. ತಂಗಿಗೂ ರಸದ ವಿಷಯವನ್ನು ವಿವರಿಸಿದ್ದೇನೆ, ಅವಳು ಇನ್ನೂ ಪೂರ್ತಿ ಒಪ್ಪಿಲ್ಲ.

ಸೊರಬ_ಅನಾನಸು

ಸಂಜೆಯ ಹಣ್ಣು ಉಳಿದದ್ದು ಸಂತೋಷ. ವಾರಕ್ಕೊಮ್ಮೆ ಅನಾನಸಿನ ಎರಡು ಚಕ್ರಗಳನ್ನು ಸಕ್ಕರೆ ಸೇರಿಸದೆ ಕೊಡಿ ಎಂದು ಈಗಲೂ ಹೇಳುತ್ತೇನೆ.

ಭದ್ರಾವತಿ_ದಾದಿ

ಹನ್ನೆರಡು ದಿನಕ್ಕೆ ರಕ್ತ ಪರೀಕ್ಷೆ ಮಾಡಿಸಿ ನಿರಾಶರಾಗಬೇಡಿ. ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆ ತೋರಿಸುವುದು ರಕ್ತದ ಸಕ್ಕರೆಯ ಹಿಂದಿನ ಸುಮಾರು ಮೂರು ತಿಂಗಳ ಸರಾಸರಿಯನ್ನು. ಅಷ್ಟು ಕಾಲ ಈ ಕ್ರಮವನ್ನು ನಡೆಸಿ, ಆಮೇಲೆ ನಿಮ್ಮ ವೈದ್ಯರಲ್ಲಿಗೆ ಹೋಗಿ. ಈ ಸಲ ತೂಕದ ಲೆಕ್ಕವನ್ನು ಬರೆದುಕೊಂಡು ಹೋಗಿರಿ.

ಹೊಸನಗರ_ಹಿತ್ತಲು

ಹಾಗೆಯೇ ಮಾಡುತ್ತೇನೆ ಮೇಡಂ. @ರಿಪ್ಪನ್‌ಪೇಟೆ_ತೋಟ, ನಮ್ಮ ಬೇಲಿಗೂ ಚಕ್ರಮುನಿ ಹಾಕಬೇಕೆಂದು ಅಮ್ಮ ಹೇಳುತ್ತಿದ್ದಾರೆ, ಸಸಿ ಎಲ್ಲಿ ಸಿಗುತ್ತದೆ?

ರಿಪ್ಪನ್‌ಪೇಟೆ_ತೋಟ

ಸಸಿ ಬೇಡ, ಕಡ್ಡಿ ಸಾಕು. ಪೆನ್ಸಿಲ್ ಗಾತ್ರದ ಬಲಿತ ಕಡ್ಡಿಯನ್ನು ಗೇಣುದ್ದಕ್ಕೆ ಕತ್ತರಿಸಿ, ಎರಡು ಗಂಟು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ಊರಬೇಕು. ನೀರು ನಿಲ್ಲುವ ಜಾಗ ಆಗದು, ಮೊದಲ ಮಳೆಗೇ ಊರಿದರೆ ಬೇಗ ಹಿಡಿಯುತ್ತದೆ. ಸೋಮವಾರ ಹೊಸನಗರಕ್ಕೆ ಬರುವ ಕೆಲಸವಿದೆ, ಒಂದು ಕಟ್ಟು ಕಡ್ಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತರುತ್ತೇನೆ. ಬಸ್ ನಿಲ್ದಾಣದ ಬಳಿ ಹತ್ತು ಗಂಟೆಗೆ ಸಿಗಿರಿ.